ಗಾಳಿ ಹೆಚ್ಚೋ, ಪೆಟ್ರೋಲು ಹೆಚ್ಚೋ?

ಕಳೆದ ಪುಷ್ಯ ಮಾಸದ ಒಂದು ದಿನ, ಶಾಲೆಯಲ್ಲಿ ಮಧ್ಯಾಹ್ನದ ಊಟದ ಗಂಟೆ ಬಾರಿಸುವ ಹೊತ್ತಿಗೆ, ತಾಂಡೂರಿನ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರರು ನನ್ನ ಕೈಗೊಂದು ಸ್ಟೀಲಿನ ಊಟದ ಡಬ್ಬಿಯನ್ನು ಕೊಟ್ಟು ಹೋದರು. ತೆರೆದು ನೋಡಿದರೆ ಒಳಗೆ ರೊಟ್ಟಿ ಪಲ್ಯವಿರಲಿಲ್ಲ. ಹಳೆಯ ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಿದ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಿದ್ದವು. ಒಂದೊಂದಕ್ಕೂ ದಾರ ಕಟ್ಟಿ, ಚೀಟಿಯ ಮೇಲೆ 1, 2, 3, 4 ಎಂದು ಅಂಕೆ ಹಾಕಲಾಗಿತ್ತು. ಜೊತೆಗೊಂದು ಪತ್ರ. ಈ ಅಂಕಣದಲ್ಲಿ ಬಾವಿಯ ಪಂಪಿನ ವಿಷಯ ಬಂದುದನ್ನು ಓದಿದ ತಾಂಡೂರಿನ ವಾಚಕರೊಬ್ಬರು ತಮ್ಮ ಕಾರಿನ ಸಂಕಟವನ್ನು ತೋಡಿಕೊಂಡಿದ್ದರು. ಲೀಟರಿಗೆ ಹದಿನಾರು ಕಿಲೋಮೀಟರು ಓಡುತ್ತಿದ್ದ ಗಾಡಿ ಈಗ ಹನ್ನೆರಡಕ್ಕೆ ಇಳಿದಿದೆ; ಹಿಂದೆ ನಿಂತರೆ ಪೆಟ್ರೋಲಿನ ವಾಸನೆ ಹೊಡೆಯುತ್ತದೆ; ಎಂಜಿನ್ನನ್ನು ಬಿಚ್ಚಲೇಬೇಕು, ನಲವತ್ತು ಸಾವಿರ ಬೇಕು ಎಂದು ಗ್ಯಾರೇಜಿನವರು ಹೇಳಿದ್ದಾರೆ; ಮಾಘದಲ್ಲಿ ಮಗಳ ಮದುವೆ. "ನಲವತ್ತು ಸಾವಿರವೆಂದರೆ ನಮಗೆ ಅಡುಗೆಯವರ ಖರ್ಚು, ಗುರುಗಳೇ" ಎಂದು ಅವರು ಬರೆದಿದ್ದರು.

ನಾನು ಮಿಸ್ತ್ರಿಯಲ್ಲ, ಶಾಲಾ ಮಾಸ್ತರನು. ಆದರೆ ಶಿಕ್ಷಕ ತರಬೇತಿಯಲ್ಲಿ ನಮಗೆ ‘ನೈದಾನಿಕ ಪರೀಕ್ಷೆ’ ಎಂಬುದೊಂದನ್ನು ಕಲಿಸಿದ್ದರು. ಭಾಗಾಕಾರ ತಪ್ಪಿದ ಹುಡುಗನಿಗೆ ಮತ್ತೆ ಮತ್ತೆ ಭಾಗಾಕಾರವನ್ನೇ ಕೊಟ್ಟು ಪ್ರಯೋಜನವಿಲ್ಲ. ಅವನು ತಪ್ಪಿದ್ದು ಭಾಗಾಕಾರದಲ್ಲಿಯೋ, ಮಗ್ಗಿಯಲ್ಲಿಯೋ, ಕಳೆಯುವಲ್ಲಿಯೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಎಂಜಿನ್ನಿನ ವಿಷಯದಲ್ಲಿಯೂ ನಾನು ಮಾಡಬಲ್ಲುದು ಇಷ್ಟೇ.

ನನ್ನ ವಯಸ್ಸಿನವರು ಅನೇಕರು ಕಂದೀಲಿನ ಬೆಳಕಿನಲ್ಲಿ ಓದಿದವರು. ಬತ್ತಿಯನ್ನು ಅತಿಯಾಗಿ ಏರಿಸಿದರೆ ಗಾಜು ಕಪ್ಪಿಡುತ್ತಿತ್ತು. ಮಸಿ ಒರೆಸುವ ಕೆಲಸ ಮನೆಯ ಕಿರಿಯರ ಪಾಲಿಗೆ ಬರುತ್ತಿತ್ತು. ತೀರ ಇಳಿಸಿದರೆ ಉರಿ ತತ್ತರಿಸಿ ಆರಿಹೋಗುತ್ತಿತ್ತು. ಪೆಟ್ರೋಲ್ ಎಂಜಿನ್ನಿನ ಒಳಗಿನ ಕಥೆಯೂ ಇದೇ. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇದು ತೂಕದ ಲೆಕ್ಕ. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ! ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದರ ಗಾಳಿಯನ್ನು ಮೂರು ಲೀಟರು ಪೆಟ್ರೋಲು ನುಂಗಿಬಿಡುತ್ತದೆ. ಈ ಪ್ರಮಾಣಕ್ಕಿಂತ ಪೆಟ್ರೋಲು ಹೆಚ್ಚಾದರೆ ದಟ್ಟ ಮಿಶ್ರಣ, ಗಾಳಿ ಹೆಚ್ಚಾದರೆ ತೆಳು ಮಿಶ್ರಣ. ಗ್ಯಾರೇಜಿನಲ್ಲಿ ಇವನ್ನೇ ‘ರಿಚ್’, ‘ಲೀನ್’ ಎನ್ನುವರು. ತಣ್ಣಗಿರುವ ಎಂಜಿನ್ನಿಗೆ ದಟ್ಟ ಮಿಶ್ರಣ ಬೇಕು, ಏರು ಹತ್ತುವಾಗಲೂ ಕೊಂಚ ದಟ್ಟವೇ ಬೇಕು. ಬೇಡವಾದಾಗಲೂ ದಟ್ಟವಾಗಿಯೇ ಉಳಿದರೆ ಅದು ರೋಗ.

ಈ ರೋಗ ಮೋಟಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ತನ್ನ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಗಂಡನಿಗೆ ಮುಂದಾಗಿ ತಿಳಿಸದೆ, ಅವನು ನಿರ್ಮಿಸಿದ ಮೂರು ಚಕ್ರದ ಮೋಟಾರನ್ನು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು ನೂರು ಕಿಲೋಮೀಟರು ನಡೆಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ನಳಿಕೆ ಕಟ್ಟಿಕೊಂಡಿತು. ಆಕೆ ತನ್ನ ಟೊಪ್ಪಿಗೆಯ ಸೂಜಿಯನ್ನು ತೆಗೆದು ಅದನ್ನು ಬಿಡಿಸಿದಳು. ತೆಳು ಮಿಶ್ರಣಕ್ಕೆ ನಡೆದ ಮೊಟ್ಟಮೊದಲ ಚಿಕಿತ್ಸೆಗಳಲ್ಲಿ ಇದೂ ಒಂದಾಗಿರಬೇಕು. ಇಂಧನ ಮುಗಿದಾಗ ವೀಸ್ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಕೊಂಡಳಂತೆ. ನಮ್ಮ ಹೆಣ್ಣುಮಕ್ಕಳು ಬಾನೆಟ್ಟಿನ ಕಡೆ ಕಣ್ಣು ಹಾಯಿಸಲೂ ಹಿಂಜರಿಯುವುದನ್ನು ಕಂಡಾಗಲೆಲ್ಲ ನನಗೆ ಈ ತಾಯಿಯ ನೆನಪಾಗುತ್ತದೆ.

ಅಂಬಾಸಡರು, ಪದ್ಮಿನಿ, ಮೊದಮೊದಲ ಮಾರುತಿ 800, ಇವುಗಳ ಕಾಲದಲ್ಲಿ ಗಾಳಿ ಪೆಟ್ರೋಲುಗಳನ್ನು ಬೆರೆಸುತ್ತಿದ್ದುದು ಕಾರ್ಬುರೇಟರು. ರೋಗವೂ ಕಣ್ಣಿಗೆ ಕಾಣುವಂತಿತ್ತು. ಚೋಕ್ ಸಿಕ್ಕಿಕೊಂಡರೆ, ಫ್ಲೋಟಿನ ಸೂಜಿ ಸವೆದು ಪೆಟ್ರೋಲು ಉಕ್ಕಿದರೆ, ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿಹೋದರೆ ಮಿಶ್ರಣ ದಟ್ಟವಾಗುತ್ತಿತ್ತು: ಕರಿಯ ಹೊಗೆ, ಪೆಟ್ರೋಲಿನ ವಾಸನೆ, ಮಸಿ ಹಿಡಿದ ಪ್ಲಗ್ಗು. ಜೆಟ್ಟಿನಲ್ಲಿ ಕಸ ಕುಳಿತರೆ, ಕಾರ್ಬುರೇಟರಿನ ಕೆಳಗಿನ ಗ್ಯಾಸ್ಕೆಟ್ಟು ಸೀಳಿದರೆ ತೆಳುವಾಗುತ್ತಿತ್ತು: ರೇಸ್ ಕೊಟ್ಟೊಡನೆ ತಡವರಿಕೆ, ಕಾರ್ಬುರೇಟರಿನ ಬಾಯಿಯಿಂದ ‘ಫಟ್’ ಎಂಬ ಸದ್ದು, ಹದ್ದುಮೀರಿದ ಕಾವು. ಮಿಸ್ತ್ರಿಯು ಸ್ಕ್ರೂವನ್ನು ಕಾಲು ಸುತ್ತು ಅತ್ತ, ಅರ್ಧ ಸುತ್ತು ಇತ್ತ ತಿರುವಿ, ಕಿವಿಗೊಟ್ಟು ಆಲಿಸಿ ಸರಿಪಡಿಸುತ್ತಿದ್ದನು. ಈಗಿನ ಕಾರುಗಳಲ್ಲಿ ಆ ಸ್ಕ್ರೂ ಇಲ್ಲ. ಒಳಬರುವ ಗಾಳಿಯನ್ನು ಸೆನ್ಸರೊಂದು ಅಂದಾಜು ಮಾಡುತ್ತದೆ, ಕಂಪ್ಯೂಟರು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಇಂಜೆಕ್ಟರುಗಳಿಂದ ಚಿಮ್ಮಿಸುತ್ತದೆ, ಹೊಗೆಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ‘ಉರಿದಾದ ಮೇಲೆ ಪ್ರಾಣವಾಯು ಉಳಿಯಿತೇ ಇಲ್ಲವೇ’ ಎಂದು ವರದಿ ಒಪ್ಪಿಸುತ್ತದೆ. ಉಳಿದಿದ್ದರೆ ಪೆಟ್ರೋಲು ಹೆಚ್ಚಿಸು, ಉಳಿದಿಲ್ಲವಾದರೆ ತಗ್ಗಿಸು. ಹೀಗೆ ಕ್ಷಣಕ್ಷಣವೂ ತಿದ್ದುಪಡಿ ನಡೆದಿರುತ್ತದೆ. 1976ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲು ಬಂದ ಈ ಏರ್ಪಾಟು ಇಂದು ನಮ್ಮ ಹಳ್ಳಿಯ ಬಾಡಿಗೆ ಕಾರಿನಲ್ಲಿಯೂ ಇದೆ. (ಡೀಸೆಲ್ ಎಂಜಿನ್ನಿನ ಮಾತು ಬೇರೆ; ಅದು ಯಾವಾಗಲೂ ಬೇಕಾದುದಕ್ಕಿಂತ ಹೆಚ್ಚು ಗಾಳಿಯಲ್ಲಿಯೇ ಉರಿಯುವಂಥದು. ಅದನ್ನು ಇಲ್ಲಿ ಬೆರೆಸುವುದಿಲ್ಲ.)

ಇನ್ನು ನನ್ನ ಮನೆಯಲ್ಲಿ ನಡೆದುದನ್ನು ಹೇಳಬೇಕು. ಹೇಳಲು ಸ್ವಲ್ಪ ಸಂಕೋಚವೇ ಆಗುತ್ತದೆ.

ನಾರಾಯಣಖೇಡದಲ್ಲಿರುವ ನನ್ನ ಮೈದುನನ ಬಳಿ ಹತ್ತು ವರ್ಷದ ಹಳೆಯ ಪೆಟ್ರೋಲ್ ಕಾರೊಂದಿದೆ. ಹೆದ್ದಾರಿಯಲ್ಲಿ ಬಾಣದಂತೆ ಓಡುತ್ತಿತ್ತು. ವೇಗ ತಗ್ಗಿಸಿದೊಡನೆ ನಡುಗುತ್ತಿತ್ತು, ಒಮ್ಮೊಮ್ಮೆ ನಿಂತೇಹೋಗುತ್ತಿತ್ತು. ಮುಂದಿನ ಫಲಕದಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡಿತ್ತು. ಗ್ಯಾರೇಜೊಂದರಲ್ಲಿ ಯಂತ್ರ ಹಚ್ಚಿ ನೋಡಿದಾಗ ಪಿ 0171 ಎಂಬ ಸಂಕೇತ ಬಂದಿತು. ‘ಮಿಶ್ರಣ ತೆಳು’ ಎಂಬುದು ಅದರ ಅರ್ಥ. ಹಾಗೆಂದು ವರದಿ ಕೊಟ್ಟುದು ಆಕ್ಸಿಜನ್ ಸೆನ್ಸರು; ಆದುದರಿಂದ ಅದೇ ಕೆಟ್ಟಿದೆ ಎಂದು ಅದನ್ನು ಬದಲಾಯಿಸಿದರು. ದೀಪ ಮತ್ತೆ ಹತ್ತಿತು. ಪ್ಲಗ್ಗು ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು. ಒಟ್ಟು ಹದಿನಾಲ್ಕು ಸಾವಿರ ರೂಪಾಯಿ ಹೋಯಿತು. ಪರೀಕ್ಷೆಯಲ್ಲಿ ಮಗ ನಪಾಸಾದನೆಂದು ಅಂಕಪಟ್ಟಿ ತಂದ ಅಂಚೆಯವನನ್ನು ಬದಲಾಯಿಸಿದಂತಾಯಿತು.

ಇಷ್ಟೆಲ್ಲ ತಿಳಿದಿದ್ದೂ, ‘ಬೀದರಿಗೆ ಹೋಗಿ ಬಂದ ಮೇಲೆ ನೋಡೋಣ’ ಎಂದವನು ನಾನೇ. ಅವ್ವನ ಕಣ್ಣಿನ ಪೊರೆ ತೆಗೆಸಲು ಆ ಕಾರಿನಲ್ಲಿಯೇ ಹೊರಟೆವು. ಜಹೀರಾಬಾದ್ ದಾಟಿದ ಮೇಲೆ ದಾರಿಯಲ್ಲೊಂದು ರೈಲ್ವೆ ಗೇಟು. ಗೇಟು ತೆರೆದಿತ್ತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ತೂಗಾಡುತ್ತ ಹೋಗುತ್ತಿದ್ದುದರಿಂದ ಮೈದುನನು ಗಾಡಿಯನ್ನು ನಿಧಾನಿಸಿದನು. ಮುಂದಿನ ಚಕ್ರಗಳು ಹಳಿಯನ್ನು ದಾಟಿದವು, ಎಂಜಿನ್ ನಿಂತಿತು. ಕೀಲಿ ತಿರುವಿದರೆ ಹತ್ತಿ ಹತ್ತಿ ಆರುತ್ತಿತ್ತು. ಅಷ್ಟರಲ್ಲಿ ಗೇಟಿನ ಗಂಟೆ ಬಾರಿಸತೊಡಗಿತು. ಗೇಟಿನವರು ಕೆಂಪು ಬಾವುಟ ಹಿಡಿದು ಓಡಿಬಂದರು, ಟ್ರ್ಯಾಕ್ಟರಿನ ಹುಡುಗರು ಹಾರಿಳಿದರು, ಆರು ಜನ ಸೇರಿ ತಳ್ಳಿದೆವು. ಹಿಂದಿನ ಆಸನದಲ್ಲಿ ಅವ್ವ ಸೆರಗು ಹಿಡಿದುಕೊಂಡು ಮಾತಿಲ್ಲದೆ ಕುಳಿತಿದ್ದಳು. ಗಾಡಿ ಆಚೆ ಹೋಗಿ ನಿಂತು, ಗೇಟು ಬಿದ್ದು, ರೈಲು ಸಾಗಿಹೋದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಗಾಡಿ ಕೆಟ್ಟದಂತ ನಿಮಗ ಮೊದಲೇ ಗೊತ್ತಿತ್ತೇನು?" ನಾವಿಬ್ಬರೂ ಉತ್ತರ ಕೊಡಲಿಲ್ಲ.

ಊರಿಗೆ ಮರಳಿದ ಮೇಲೆ, ಹಿಂದೆ ಅಂಬಾಸಡರುಗಳನ್ನು ರಿಪೇರಿ ಮಾಡುತ್ತಿದ್ದ ವೃದ್ಧ ಉಸ್ತಾದರೊಬ್ಬರನ್ನು ಕಂಡೆವು. ಅವರ ಮೊಮ್ಮಗನ ಬಳಿ ಮೊಬೈಲಿಗೆ ಸುದ್ದಿ ಕಳುಹಿಸುವ ಬೆರಳುದ್ದದ ಉಪಕರಣವೊಂದಿತ್ತು. ಅದನ್ನು ಸ್ಟೀರಿಂಗಿನ ಕೆಳಗಿನ ಕಿಂಡಿಗೆ ಸಿಕ್ಕಿಸಿದನು. ಅದರಲ್ಲಿ ಕಂಪ್ಯೂಟರು ಮಾಡುತ್ತಿರುವ ತಿದ್ದುಪಡಿಯು ಶೇಕಡಾವಾರು ಅಂಕೆಯಾಗಿ ಕಾಣುತ್ತದೆ. ‘ಫ್ಯೂಯಲ್ ಟ್ರಿಮ್’ ಎಂದು ಅದರ ಹೆಸರು. ಸೊನ್ನೆಯ ಆಚೀಚೆ ಹತ್ತರೊಳಗಿದ್ದರೆ ಆರೋಗ್ಯವೆಂದೇ ತಿಳಿಯಬಹುದು. ಧನ ಚಿಹ್ನೆಯ ದೊಡ್ಡ ಅಂಕೆಯೆಂದರೆ, ತೆಳುವಾಗಿದೆಯೆಂದು ಕಂಪ್ಯೂಟರು ಹೆಚ್ಚು ಪೆಟ್ರೋಲು ಸುರಿಯುತ್ತಿದೆ; ಋಣ ಚಿಹ್ನೆಯದಾದರೆ, ದಟ್ಟವಾಗಿದೆಯೆಂದು ಕೈಬಿಗಿ ಹಿಡಿದಿದೆ. ಗಾಡಿ ನಿಂತಲ್ಲಿಯೇ ನಿಧಾನವಾಗಿ ಓಡುತ್ತಿರುವಾಗ ನಮ್ಮಲ್ಲಿ ಬಂದ ಅಂಕೆ 22. ರೇಸ್ ಕೊಟ್ಟು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿ ಹಿಡಿದಾಗ 6.

ಈ ಎರಡು ಅಂಕೆಗಳಲ್ಲಿಯೇ ಉತ್ತರವಿತ್ತು. ಎಂಜಿನ್ ನಿಧಾನವಾಗಿ ಓಡುವಾಗ ಗಾಳಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಅದರಾಚೆ ಒಳಗಡೆ ಬಲವಾದ ಹೀರುವಿಕೆ ಇರುತ್ತದೆ. ಅಲ್ಲೆಲ್ಲಾದರೂ ಬಿರುಕಿದ್ದರೆ, ಸೆನ್ಸರಿನ ಲೆಕ್ಕಕ್ಕೆ ಬಾರದ ಗಾಳಿ ನುಗ್ಗುತ್ತದೆ. ಆಗ ಎಂಜಿನ್ನು ತೆಗೆದುಕೊಳ್ಳುವ ಒಟ್ಟು ಗಾಳಿಯೇ ಸ್ವಲ್ಪವಾದುದರಿಂದ ಕದ್ದು ಬಂದ ಗಾಳಿಯ ಪಾಲು ದೊಡ್ಡದು. ಬಾಗಿಲು ತೆರೆದು ವೇಗವೇರಿದಾಗ ಅದೇ ಬಿರುಕಿನ ಪಾಲು ಅತ್ಯಲ್ಪ. ಹೆದ್ದಾರಿಯಲ್ಲಿ ಸುಖ, ಗೇಟಿನಲ್ಲಿ ಸಂಕಟ, ಇದರ ಗುಟ್ಟು ಅಷ್ಟೇ. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ವೇಗವೇರಿದಂತೆ ಅಂಕೆ ಹೆಚ್ಚುತ್ತಿದ್ದರೆ ಪೆಟ್ರೋಲೇ ಸಾಲುತ್ತಿಲ್ಲವೆಂದು ತಿಳಿಯಬೇಕು: ಪಂಪು ಸೋತಿದೆ, ಇಲ್ಲವೆ ಪೆಟ್ರೋಲಿನ ಫಿಲ್ಟರ್ ಕಟ್ಟಿದೆ. ಎಲ್ಲ ವೇಗದಲ್ಲಿಯೂ ತಪ್ಪು ಒಂದೇ ತೆರನಾಗಿದ್ದರೆ ಗಾಳಿಯನ್ನು ಅಳೆಯುವ ಸೆನ್ಸರಿನ ಮೇಲೆ ಗುಮಾನಿ. (ಗಾಳಿಯ ಹರಿವಿಗೆ ಬದಲಾಗಿ ಒತ್ತಡವನ್ನು ಅಳೆಯುವ ಏರ್ಪಾಟು ಅನೇಕ ಸಣ್ಣ ಕಾರುಗಳಲ್ಲಿದೆ. ಅವುಗಳಲ್ಲಿ ಬಿರುಕಾದರೆ ಎಂಜಿನ್ ನಿಲ್ಲುವುದಕ್ಕಿಂತ, ಬ್ರೇಕು ಹಾಕಿ ನಿಂತಾಗಲೂ ಜೋರಾಗಿ ಓಡುವುದೇ ಹೆಚ್ಚು.)

ಉಸ್ತಾದರು ಅಂಕೆಯನ್ನು ನೋಡಲಿಲ್ಲ. ಒಂದು ಮೊಳ ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಸಂದಿಗಳಲ್ಲಿ ಆಡಿಸಿದರು. "ಮಾಸ್ತರ್ರೇ, ಇದಕ್ಕ ಎಲ್ಲಿಂದೋ ಕಳ್ಳ ಗಾಳಿ ಹೊಗಲತ್ತದ ನೋಡ್ರಿ" ಎಂದರು. ಆಮೇಲೆ ಒಂದೊಂದೇ ಕೊಳವೆಯನ್ನು ಚಿಮಟದಿಂದ ಮೆಲ್ಲಗೆ ಅದುಮುತ್ತ ಬಂದರು. ಮೂರನೆಯದನ್ನು ಅದುಮಿದೊಡನೆ ನಡುಕ ನಿಂತು ಎಂಜಿನ್ ಸಮವಾಗಿ ಓಡಿತು. ಎಂಜಿನ್ನಿನ ಹೊಟ್ಟೆಯ ಹಬೆಯನ್ನು ಮರಳಿ ಒಳಗೆ ಎಳೆದುಕೊಳ್ಳುವ ಕೊಳವೆ ಅದು. ಮೇಲಿನಿಂದ ಹೊಸದರಂತೆ ಕಾಣುತ್ತಿತ್ತು. ಕೆಳಮೈಯಲ್ಲಿ ಬೆರಳಿನುದ್ದ ಸೀಳಿತ್ತು. ಹೊಸ ಕೊಳವೆಗೆ ಮುನ್ನೂರೈವತ್ತು ರೂಪಾಯಿ. ಉಸ್ತಾದರು ಕೂಲಿ ಬೇಡವೆಂದರು, ನಾವು ಬಿಡಲಿಲ್ಲ.

ಆ ಸೀಳಿಗೆ ಇನ್ನೊಂದು ಸಂಗತಿಯೂ ಕೈಗೂಡಿಸಿರಬಹುದು. 2023ರ ಫೆಬ್ರವರಿಯಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶದಾದ್ಯಂತ ಹರಡಿದ ‘ಇ 20’ ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲು ಎಥನಾಲ್ ಇರುತ್ತದೆ. ಅದು ನಮ್ಮ ಕಬ್ಬಿನಿಂದಲೂ ಧಾನ್ಯದಿಂದಲೂ ಆಗುವ ಮದ್ಯಸಾರ. ನಮ್ಮ ಸೀಮೆಯ ರೈತನಿಗೆ ಅದರಿಂದ ಹಿತವಿದೆ, ಅಲ್ಲಗಳೆಯುವುದಿಲ್ಲ. ಆದರೆ ಎಥನಾಲಿಗೆ ಬೇಕಾದ ಗಾಳಿ ಒಂಬತ್ತು ಪಾಲು ಮಾತ್ರ, ಬೆರಕೆಯಾದಾಗ 14.7 ಎಂಬುದು ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಸೆನ್ಸರುಳ್ಳ ಕಾರು ತಾನೇ ಸರಿದೂಗಿಸಿಕೊಳ್ಳುತ್ತದೆ, ಆದರೆ ಅದರ ತಿದ್ದುಪಡಿಗೊಂದು ಮಿತಿಯುಂಟು. ಮೊದಲೇ ಸೀಳಿನಿಂದ ಬಳಲುತ್ತಿದ್ದ ಎಂಜಿನ್ನಿಗೆ ಇದು ಮೇಲಿನ ಹೊರೆ. ಕಾರ್ಬುರೇಟರಿನ ಹಳೆಯ ಗಾಡಿಗೆ ಸರಿದೂಗಿಸುವ ಶಕ್ತಿಯೇ ಇಲ್ಲ, ಹಳೆಯ ರಬ್ಬರು ಬೇರೆ ಕೆಡುತ್ತದೆ. ನೀತಿ ಆಯೋಗವು ಪ್ರಕಟಿಸಿದ 2021ರ ವರದಿಯೇ, ಎಥನಾಲಿಲ್ಲದ ಪೆಟ್ರೋಲಿಗೆಂದು ರೂಪಿಸಿ ಹತ್ತು ಪಾಲಿಗೆ ಹೊಂದಿಸಿದ ಕಾರುಗಳಲ್ಲಿ ಇಂಧನ ಕ್ಷಮತೆ ಶೇಕಡಾ 6-7ರಷ್ಟು ಇಳಿಯಬಹುದೆಂದು ಅಂದಾಜು ಮಾಡಿತ್ತು. ಆದುದರಿಂದ ಹದಿನಾರು ಹೋಗಿ ಹದಿನೈದಾದರೆ ಗಾಬರಿ ಬೇಡ. ಹನ್ನೆರಡಾದರೆ ಎಥನಾಲಿನ ಮೇಲೆ ಹೊರಿಸಿ ಸುಮ್ಮನಿರಲೂಬಾರದು. ಮತ್ತೊಂದು ಮಾತು: ಎಥನಾಲು ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಹೀರುವುದು ತಳದಿಂದಲೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ಅರೆಬರೆ ಬಿಡಬೇಡಿರಿ.

ಯಂತ್ರವಿಲ್ಲದವರು ಏನು ನೋಡಬಹುದು? ಹೊಗೆಯ ಬಣ್ಣ ನೋಡಬಹುದು. ಕಪ್ಪು ಎಂದರೆ ಪೆಟ್ರೋಲು ಹೆಚ್ಚು. ನೀಲಿ ಎಂದರೆ ಎಣ್ಣೆ ಉರಿಯುತ್ತಿದೆ, ಅದು ಮಿಶ್ರಣದ ದೋಷವಲ್ಲ. ಚಳಿಗಾಲದ ಬೆಳಗಿನ ಬಿಳಿಯ ಹಬೆ ಬರಿಯ ನೀರಾವಿ, ಆದರೆ ಎಂಜಿನ್ ಕಾದ ಮೇಲೂ ಬಿಳಿಯೇ ಬರುತ್ತಿದ್ದು ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ತಡಮಾಡಬಾರದು. ತಣ್ಣಗಾದ ಎಂಜಿನ್ನಿನಿಂದ ಪ್ಲಗ್ಗು ಬಿಚ್ಚಿಸಿ, ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು ನೋಡಬಹುದು. ತಿಳಿಯಾದ ಕಂದು ಬಣ್ಣ ಆರೋಗ್ಯದ್ದು; ಒಣ ಮಸಿ ದಟ್ಟ ಮಿಶ್ರಣದ್ದು; ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ತೆಳು ಮಿಶ್ರಣ, ಅತಿಕಾವು. ನಾಲ್ಕೂ ಒಂದೇ ಬಣ್ಣವಾಗಿದ್ದರೆ ರೋಗ ಎಲ್ಲಕ್ಕೂ ಸಮಾನವಾದುದು; ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರಿನ ಕಾಯಿಲನ್ನೋ ಇಂಜೆಕ್ಟರನ್ನೋ ನೋಡಬೇಕು. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಉರಿಯದ ಪ್ರಾಣವಾಯು ಹೊರಬಂದು, ಸೆನ್ಸರು ‘ತೆಳು’ ಎಂದು ಸುಳ್ಳು ವರದಿ ಕೊಡುವುದೂ ಉಂಟು. ತಾಂಡೂರಿನ ಕಲ್ಲಿನ ಧೂಳಿನಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಬದಲಾಯಿಸುವುದು ಒಳಿತು. ಈಗಿನ ಕಾರಿನಲ್ಲಿ ಅದು ಕಟ್ಟಿದರೆ ಮಿಶ್ರಣ ಕೆಡುವುದಕ್ಕಿಂತ ಪಿಕಪ್ ಕಳೆಯುವುದೇ ಹೆಚ್ಚು.

ಮಾಡಬಾರದುದು ಎರಡಿವೆ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಬಾರದು. ದಟ್ಟ ಮಿಶ್ರಣ ಉರಿದಾಗ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬಂದು ಮಂಪರು ಕವಿಯುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿಯೇ ಉಳಿಯದೆ ಹೋಗಬಹುದು. ಎರಡನೆಯದು, ಕಿಡಿ ತಪ್ಪುತ್ತಿರುವ ಗಾಡಿಯನ್ನು ‘ಹೇಗೋ ಓಡುತ್ತದಲ್ಲ’ ಎಂದು ಓಡಿಸಬಾರದು. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಟ್ಟುಬಿಡುತ್ತದೆ. ಹೊಸದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅಂತಹ ಗಾಡಿಯನ್ನು ಒಣ ಹುಲ್ಲಿನ ಮೇಲೆ, ತೊಗರಿ ಕಟ್ಟಿಗೆಯ ಕಣದಲ್ಲಿ ನಿಲ್ಲಿಸಿದರೆ ಬೆಂಕಿಯೂ ಬಿದ್ದೀತು.

ಈಗ ಡಬ್ಬಿಯ ಪ್ಲಗ್ಗುಗಳಿಗೆ ಬರೋಣ. ನಾಲ್ಕೂ ಒಂದೇ ಸಮನೆ ಕಪ್ಪಾಗಿದ್ದವು. ಒಣ ಮಸಿ, ಬೆರಳಿಗೆ ಹತ್ತುತ್ತಿತ್ತು, ಎಣ್ಣೆಯ ಜಿಗುಟಿರಲಿಲ್ಲ. ಎಣ್ಣೆಯಿಲ್ಲವೆಂದ ಮೇಲೆ ಎಂಜಿನ್ ಬಿಚ್ಚುವ ಅವಸರ ಕಾಣಲಿಲ್ಲ. ವಾಚಕರಿಗೆ ಮರುದಿನವೇ ದೂರವಾಣಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ: ಅರ್ಧ ಗಂಟೆ ಓಡಿಸಿದ ಮೇಲೆ ಎಂಜಿನ್ನಿನ ಕಾವಿನ ಮುಳ್ಳು ಎಲ್ಲಿ ನಿಲ್ಲುತ್ತದೆ? "ಮೇಲಕ್ಕೆ ಏರುವುದೇ ಇಲ್ಲ ಗುರುಗಳೇ. ಹೋದ ಬೇಸಿಗೆಯಲ್ಲಿ ಗಾಡಿ ಕಾಯುತ್ತಿತ್ತು. ಆಗ ತರ್ಮೋಸ್ಟಾಟ್ ತೆಗೆದುಹಾಕಿಸಿದೆವು. ಅಂದಿನಿಂದ ತಣ್ಣಗಿದೆ" ಎಂದು ಅವರು ಅಭಿಮಾನದಿಂದಲೇ ಹೇಳಿದರು.

ಎಂಜಿನ್ ಬೇಗ ಕಾಯಲೆಂದು ನೀರನ್ನು ತಡೆದು ನಿಲ್ಲಿಸುವ ಬಾಗಿಲದು. ಅದನ್ನು ಕಿತ್ತರೆ ಪುಷ್ಯದ ಚಳಿಯಲ್ಲಿ ಎಂಜಿನ್ ಕಾಯುವುದೇ ಇಲ್ಲ. ಕಂಪ್ಯೂಟರು ‘ಇದಿನ್ನೂ ತಣ್ಣಗಿದೆ’ ಎಂದು ಬೆಳಗಿನ ದಟ್ಟ ಮಿಶ್ರಣವನ್ನೇ ಮಧ್ಯಾಹ್ನದವರೆಗೂ ಬಡಿಸುತ್ತದೆ. ಹೊಸ ತರ್ಮೋಸ್ಟಾಟ್ ಹಾಕಿಸಿರಿ, ಹಾಕಿಸುವ ಮೊದಲು ಬೇಸಿಗೆಯಲ್ಲಿ ಕಾದುದಕ್ಕೆ ಕಾರಣವಾದ ರೇಡಿಯೇಟರನ್ನೂ ಫ್ಯಾನನ್ನೂ ತೋರಿಸಿರಿ, ಮುಳ್ಳು ಆಮೇಲೂ ಏರದಿದ್ದರೆ ಕಾವಿನ ಸೆನ್ಸರನ್ನು ಅಳೆಯಿಸಿರಿ ಎಂದು ಬರೆದು ಕಳುಹಿಸಿದೆ.

ಮಾಘದ ಕೊನೆಯಲ್ಲಿ ಅದೇ ಬಸ್ಸಿನಲ್ಲಿ ಅವರಿಂದ ಇನ್ನೊಂದು ಡಬ್ಬಿ ಬಂದಿತು. ಗಾಡಿ ಲೀಟರಿಗೆ ಹದಿನೈದು ಕೊಡುತ್ತಿದೆಯೆಂದು ಚೀಟಿಯಲ್ಲಿ ಬರೆದಿದ್ದರು. ಪ್ಲಗ್ಗುಗಳಿರಲಿಲ್ಲ, ಮದುವೆಯ ಬುಂದಿ ಲಾಡುಗಳಿದ್ದವು. ಅವ್ವನಿಗೆ ಎರಡು ಕೊಟ್ಟು, ಉಳಿದುದನ್ನು ಉಸ್ತಾದರ ಮನೆಗೆ ಕಳುಹಿಸಿದೆ.